ಕೊಂಡಿ

ಅರ್ಜಿಯಲ್ಲಿ ಐದು ಚೌಕ, ಒಂದಕ್ಕೇ ಗೀಟು:
ಶಸ್ತ್ರಚಿಕಿತ್ಸೆ, ಮಕ್ಕಳು, ಬಾಣಂತನ, ಮನಸ್ಸು, ಸಮುದಾಯ.
ಹದಿನಾಲ್ಕು ವರ್ಷ ಕಲಬುರಗಿಯ ರಾತ್ರಿ ಪಾಳಿಯಲ್ಲಿ
ಈ ಐದೂ ಒಂದೇ ಮಂಚದ ಮೇಲೆ ಮಲಗಿದ್ದು ಕಂಡವಳು ನಾನು.
ಕೊನೆಗೆ ಬಾಣಂತನಕ್ಕೆ ಎಳೆದೆ.
ಪೆನ್ನು ಆಗ ಅದಕ್ಕೆ ಹತ್ತಿರವಿತ್ತು, ಅಷ್ಟೇ.

ಮೂವತ್ತೆಂಟಕ್ಕೆ ಮತ್ತೆ ಬೆಂಚು.
ಪಕ್ಕದಲ್ಲಿ ಬೀದರಿನ ಶಾಹೀನಾ, ಇಪ್ಪತ್ತಮೂರು,
ಅಕ್ಕ ಅನ್ನಲೋ ಸಿಸ್ಟರ್ ಅನ್ನಲೋ ತಿಳಿಯದೆ ‘ಏನ್ರಿ’ ಅನ್ನುತ್ತಾಳೆ.
ಸಂಖ್ಯಾಶಾಸ್ತ್ರದ ಪಾಠಕ್ಕೆ ಇಬ್ಬರಿಗೂ ನಿದ್ದೆ,
ಅವಳದು ಹರೆಯದ್ದು, ನನ್ನದು ಹಳೇ ಬಾಕಿ.

ಎಸ್ತರ್ ಮೇಡಂ ಕೇಳಿದರು: ‘ನಿಮ್ಮ ಸಮಸ್ಯೆ ಏನು?’
ಮನೆಯ ಕಂತು, ಮಂಡಿನೋವು, ಮಗಳ ಗಣಿತ,
ಬಾಯಿಗೆ ಬಂದದ್ದೆಲ್ಲ ನುಂಗಿಕೊಂಡೆ.
ಅವರು ಕೇಳಿದ್ದು ಸಂಶೋಧನೆಯದು.

‘ನಮ್ಮ ಬಾಣಂತ್ಯಾರು ನೀರು ಕುಡಿಯಂಗಿಲ್ಲ ಮೇಡಂ.
ಮೇ ತಿಂಗಳ, ಗ್ವಾಡಿ ಮುಟ್ಟಿದರ ಕೈ ಸುಡ್ತದ,
ದಿಂಬಿನ ಬಾಜೂಕ ತುಂಬಿಟ್ಟ ತಂಬಿಗಿ
ಮುಂಜಾನೀಗೂ ತುಂಬೇ ಇರ್ತದ.
ಮೂರನೇ ದಿನಕ್ಕ ಚಳಿಜ್ವರ, ಉರಿಮೂತ್ರ.’
‘ಯಾಕೆ?’
‘ಅದನ್ನೇ ಓದಬೇಕಂತ ಬಂದೀನ್ರಿ.’

ಇಪ್ಪತ್ತೆರಡು ಪ್ರಶ್ನೆ. ಏಳು ಮಂದಿಯ ಸಹಿ, ಸಮಿತಿಯ ಮೊಹರು.
‘ದಿನದ ದ್ರವ ಸೇವನೆ, ಮಿಲಿಲೀಟರಿನಲ್ಲಿ?’
ಸೇಡಂ ಕಡೆಯ ಹಣಮವ್ವ ಹೊಲಿಗೆ ಹಿಡಿದು ನಕ್ಕಳು:
‘ಎರಡ ಗುಟುಕಂತ ಬರಕೋರಿ.’
ಗುಟುಕನ್ನೂ ಅಳೆದೆ. ಅವಳದು ಹದಿನೆಂಟು,
ರಜಿಯಾಳದು ಮೂವತ್ತು.
ಕೋಷ್ಟಕ ತುಂಬುತ್ತ ಹೋಯಿತು, ತಂಬಿಗೆ ಖಾಲಿಯಾಗಲಿಲ್ಲ.

ಹದಿನೇಳನೇ ಪ್ರಶ್ನೆಗೆ ತಾಂಡಾದ ಘಮ್ಲಿಬಾಯಿ
ನನ್ನ ಕೈಯ ಹಾಳೆಯನ್ನೇ ಪಕ್ಕಕ್ಕೆ ಸರಿಸಿದಳು:
‘ಕುಡದರ ಹೋಗಬೇಕಾಗ್ತದ ಸಿಸ್ಟರ್.
ಹೋದರ ಬಾಗಿಲಿಗಿ ಕೊಂಡಿ ಇಲ್ಲ.
ಇರೋದು ಎರಡು ಕೈ.
ಹೊಲಿಗಿ ಹಿಡೀಲೇನು, ಕದ ಹಿಡೀಲೇನು,
ಸೀರಿ ಹಿಡೀಲೇನು?’

ಉತ್ತರಕ್ಕೆ ಚೌಕವಿರಲಿಲ್ಲ. ‘ಇತರೆ’ ಎಂದು ಬರೆದೆ.

ಆ ರಾತ್ರಿ ನಡೆದು ನೋಡಿದೆ: ಅರವತ್ತೊಂದು ಹೆಜ್ಜೆ.
ಹೊಲಿಗೆ ಇದ್ದವಳಿಗೆ ನೂರು ಮೀರುತ್ತದೆ.
ಸಿಬ್ಬಂದಿಯ ಶೌಚಾಲಯಕ್ಕೆ ಕೊಂಡಿಯಷ್ಟೇ ಅಲ್ಲ, ಕೀಲಿಯೂ ಉಂಟು.
ಹದಿನಾಲ್ಕು ವರ್ಷದಿಂದ ಅದು
ನನ್ನ ಸೊಂಟದಲ್ಲೇ ಗಿಲಿಗಿಲಿ ಅನ್ನುತ್ತಿತ್ತು.

ಸೂಪರ್ ಮಾರ್ಕೆಟ್ಟಿನ ಅಂಗಡಿಯವ ಜೋಡಿಯಾಗಿ ಅಷ್ಟೇ ಕೊಡುವವ.
ಎರಡು ಕೊಂಡಿ, ನೂರಾ ಹತ್ತು ರೂಪಾಯಿ.
ಆಯಾ ಮಹಾನಂದಾ ಮೊಬೈಲಿನ ಬೆಳಕು ಹಿಡಿದಳು,
ನಾನು ಡ್ರೆಸ್ಸಿಂಗ್ ಕತ್ತರಿಯ ತುದಿಯಲ್ಲಿ ಸ್ಕ್ರೂ ತಿರುವಿದೆ.
ಒಂದು ಸೊಟ್ಟ ಕೂತಿದೆ. ಇರಲಿ, ಹಿಡಿಯುತ್ತದೆ.

ಮರುದಿನ ಐದು ತಂಬಿಗೆ ಬರಿದಾದವು. ಆಮೇಲೆ ಹನ್ನೊಂದು.
ರಜಿಯಾ ಎದ್ದು ಕೂತು ಇನ್ನೊಂದಿಷ್ಟು ಕೇಳಿದಳು.
ನಾನು ಕುಣಿಯುವುದೊಂದು ಬಾಕಿ.

ಎಸ್ತರ್ ಮೇಡಂ ಕನ್ನಡಕ ತೆಗೆದರು.
‘ಮೂವತ್ತನಾಲ್ಕು ಜನ ಆದ ಮೇಲೆ, ನಡುವಿನಲ್ಲಿ,
ಕೊಂಡಿ ಹಾಕಿದ್ದು ಯಾರು?
ನಿಮ್ಮ ದತ್ತಾಂಶ ಕೆಟ್ಟಿತಲ್ಲ ತಾಯಿ.’

‘ಮಿತಿಗಳು’ ಎಂಬ ಪುಟದಲ್ಲಿ ನಾನು ಬರೆದ ಒಂದೇ ಸಾಲು:
ಸಂಶೋಧಕಿಗೆ ತಡೆದುಕೊಳ್ಳಲಾಗಲಿಲ್ಲ.
ಮೇಡಂ ಕೆಂಪು ಪೆನ್ನು ಎತ್ತಿದರು,
ಓದಿದರು, ನಗು ತಡೆಯಲು ನೋಡಿದರು,
ಆಗಲಿಲ್ಲ, ಪೆನ್ನಿನ ಮುಚ್ಚಳ ಹಾಕಿದರು.

ಮತ್ತೆ ಹೇಳಿದರು, ಮೆಲ್ಲಗೆ:
‘ಮೇಲಿನ ವಾರ್ಡನ್ನು ಹೋಲಿಕೆಗೆ ಇಟ್ಟುಕೊಳ್ಳಿ.
ಅಲ್ಲೇನೂ ಮುಟ್ಟಬೇಡಿ. ಮೂವತ್ತು ಜನ ಸಾಕು.’

ಇಪ್ಪತ್ತು ಆಗಿದೆ, ಹತ್ತು ಉಳಿದಿದೆ.
ಪ್ರತಿ ದಿಂಬಿನ ಪಕ್ಕ ತುಂಬಿದ ತಂಬಿಗೆ,
ಅದರಲ್ಲಿ ತಿರುಗುವ ಫ್ಯಾನಿನ ನೆರಳು.
‘ನೀರು ಕುಡೀರಿ’ ಎಂದು ನಾನು ಹೇಳುವ ಹಾಗಿಲ್ಲ,
ಎಷ್ಟು ಕುಡಿದಿರಿ ಎಂದಷ್ಟೇ ಕೇಳಬೇಕು.

ಮೆಟ್ಟಿಲು ಹತ್ತುವಾಗ
ಪರ್ಸಿನೊಳಗೆ ಜೋಡಿಯ ಇನ್ನೊಂದು
ಕೀಲಿಗೊಂಚಲಿಗೆ ತಾಕಿ ಸದ್ದು ಮಾಡುತ್ತದೆ.